ಅಚ್ಚಿನ ಬಿರುಕು

ಅಕೆಸ ಊರಿನ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುತ್ತಿದ್ದ ಲಾಮಿಸನಿಗೆ ಹತ್ತು ಮಾರು ಆಚೆ ನಿಂತವರು ಗಂಡಸೋ ಹೆಂಗಸೋ ಗೊತ್ತಾಗುತ್ತಿರಲಿಲ್ಲ. ಅದೇ ಅಂಗೈ ಮೇಲೆ ಕೂತ ನೊಣದ ಕಾಲಿನ ರೋಮ ಬೇಕಾದರೆ ಎಣಿಸಿ ಹೇಳುತ್ತಿದ್ದ. ಹುಟ್ಟಿನಿಂದಲೇ ಅವನ ಕಣ್ಣು ಹಾಗೆ. ಎಟ್ನಾ ಬೆಟ್ಟ ಬೆಂಕಿ ಉಗುಳುತ್ತಿದೆ ಎಂದು ಊರಿಗೆ ಊರೇ ಬೀದಿಗೆ ಬಂದು ಕತ್ತೆತ್ತಿ ನಿಂತಾಗ ಅವನೊಬ್ಬ ನೆಲಕ್ಕೆ ಬಿದ್ದ ಬೂದಿಯ ಕಣವನ್ನು ಉಗುರಿನಲ್ಲಿ ಎತ್ತಿ ತಿರುಗಿಸಿ ನೋಡುತ್ತಿದ್ದ. "ನಮ್ ಲಾಮಿಸನಿಗೆ ಬೆಟ್ಟ ಕಾಣಲ್ಲ, ಬೆಟ್ಟದ ಮೇಲಿರೋ ಇರುವೆ ಕಾಣುತ್ತೆ" ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅಪ್ಪ ಮುದ್ರೆಯುಂಗುರ ಕೆತ್ತುವವನು. ಗಂಡುಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಉಳಿ ಹಿಡಿಸಿದ. ಹಿರಿಯವನಿಗೆ ವಿದ್ಯೆ ಒಲಿಯಿತು. ಕಿರಿಯವನು ಪಿರ್ರಿಯಸ್, ಕೆಂಪು ಕೂದಲಿನ ಎಡಚ. ಎತ್ತಿನಂಥ ತೋಳು, ಆದರೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ಅವನು ಮೂರನೆಯ ಕಲ್ಲು ಒಡೆದ ದಿನ ಅಪ್ಪ ಉಳಿ ಕಿತ್ತುಕೊಂಡು ಬೀದಿಗೆ ಎಸೆದು, "ಹೋಗಲೇ, ಕತ್ತೆ ಕಾಯಿ ಹೋಗು" ಎಂದ. ಪಿರ್ರಿಯಸ್ ಕತ್ತೆ ಕಾಯಲಿಲ್ಲ, ಟಂಕಸಾಲೆ ಸೇರಿ ಸುತ್ತಿಗೆ ಹಿಡಿದ. ಅಣ್ಣ ಕೆತ್ತಿದ ಅಚ್ಚಿನ ಮೇಲೆ ತಮ್ಮನ ಪೆಟ್ಟು ಬೀಳತೊಡಗಿತು.

ಕೆಲಸ ನೋಡಲು ಸುಲಭ. ಮುಖದ ಅಚ್ಚನ್ನು ಅಡಿಗಲ್ಲಿನೊಳಗೆ ಹುದುಗಿಸಬೇಕು. ಕಾದ ಬೆಳ್ಳಿಯ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಅದರ ಮೇಲಿಡಬೇಕು. ಹಿಂಬದಿಯ ಚಿತ್ರವಿರುವ ಮೇಲಚ್ಚನ್ನು ಬಿಲ್ಲೆಯ ಮೇಲೆ ನಿಲ್ಲಿಸಿ ಒಂದೇ ಪೆಟ್ಟು. ಮೇಲಚ್ಚು ಪೆಟ್ಟನ್ನು ನೇರವಾಗಿ ತಿನ್ನುವುದರಿಂದ ಬೇಗ ಸಾಯುತ್ತದೆ, ಕೆಳಗಿನದು ಬಹಳ ಕಾಲ ಬಾಳುತ್ತದೆ. ಅಕೆಸದ ನಾಣ್ಯದ ಹಿಂಬದಿಗೆ ದ್ರಾಕ್ಷಿಗೊಂಚಲು, ಮುಂದಕ್ಕೆ ಊರ ತೊರೆಯ ದೇವಿಯ ಮುಖ. ಆ ಮುಖವನ್ನು ಲಾಮಿಸ್ ಒಂದಿಡೀ ಚಳಿಗಾಲ ಕೂತು ಕೆತ್ತಿದ್ದ.

ಮೊದಲ ನಾಣ್ಯ ಹೊಡೆದು ತಣ್ಣಗಾದ ಮೇಲೆ ಪಿರ್ರಿಯಸ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಡಿಗಲ್ಲು ತಟ್ಟಿ ತಟ್ಟಿ ನಕ್ಕ.

"ಅಣ್ಣ, ಇದು ಅಮ್ಮನ ಮೂಗಲ್ವೇನೋ!"

"ಬಾಯ್ಮುಚ್ಚು. ದೇವಿ ಅದು."

"ದೇವಿಗೆ ಅಮ್ಮನ ಮೂಗು ಎಲ್ಲಿಂದ ಬಂತು? ಮೀನು ಮಾರೋಳ ಹತ್ತಿರ ಚೌಕಾಸಿ ಮಾಡೋವಾಗ ಹಿಂಗೇ ಏರಿಸ್ತಿದ್ಲು ನೋಡು!"

ಲಾಮಿಸನ ಹೆಂಡತಿ ಚೊಚ್ಚಲ ಬಾಣಂತನದಲ್ಲೇ ಮಗುವಿನೊಂದಿಗೆ ತೀರಿಕೊಂಡಿದ್ದಳು. ಆಮೇಲೆ ಅವನು ತಮ್ಮನ ಮನೆಯಲ್ಲೇ ಉಳಿದ. ತಮ್ಮನ ಹೆಂಡತಿ ಮೆಲಿಟ್ಟ ಮುಂಗೋಪಿ, ಆದರೆ ಕೈ ದೊಡ್ಡದು. ಜವೆಗೋಧಿ ರೊಟ್ಟಿ, ಆಡಿನ ಗಿಣ್ಣು, ಉಪ್ಪಿನಲ್ಲಿ ಹಾಕಿದ ಮೀನು, ಇದ್ದದ್ದರಲ್ಲಿ ಭಾವನಿಗೆ ಒಂದು ತುಣುಕು ಹೆಚ್ಚೇ ಬಡಿಸುತ್ತಿದ್ದಳು. ಅವರ ಮಗಳು ಮಿರ್ತೊ ಆಗಿನ್ನೂ ತೊದಲುತ್ತಿದ್ದಳು.

ಆ ದಿನಗಳಲ್ಲಿ ತೆಂಕಣದಿಂದ ಯುದ್ಧ ಒಂದೊಂದೇ ಊರನ್ನು ನುಂಗುತ್ತ ಬರುತ್ತಿತ್ತು. ಅಲ್ಲಿನ ಒಡೆಯನ ಹೆಸರು ಹೇಳಿದರೆ ಬಾಯಿ ತೊಳೆಯಬೇಕೆಂದು ಅಕೆಸದವರು ಅವನನ್ನು 'ತೆಂಕಣದವನು' ಎಂದಷ್ಟೇ ಕರೆಯುತ್ತಿದ್ದರು. ಊರಿನ ಗಂಡಸರು ಸಾಲದೆ ಹೋಗಿ ಬಾಡಿಗೆ ಸಿಪಾಯಿಗಳನ್ನು ತರಿಸಿದರು. ಅವರಿಗೆ ಸಂಬಳ ಬೇಕು, ಸಂಬಳಕ್ಕೆ ನಾಣ್ಯ ಬೇಕು. ದೇವಸ್ಥಾನದ ಬಟ್ಟಲು, ಹೆಂಗಸರ ಬಳೆ ಎಲ್ಲ ಕರಗಿ ಬಿಲ್ಲೆಗಳಾದವು. ಟಂಕಸಾಲೆಯ ಕುಲುಮೆ ಆರಲೇ ಇಲ್ಲ.

ಅಷ್ಟು ಪೆಟ್ಟು ಬಿದ್ದರೆ ಕಂಚಾದರೂ ಎಷ್ಟು ತಡೆದೀತು? ಒಂದು ಮಧ್ಯಾಹ್ನ ದೇವಿಯ ಗಲ್ಲದ ಕೆಳಗೆ ಅಚ್ಚು ಸೀಳಿತು. ಕೂದಲೆಳೆಯಂಥ ಬಿರುಕು. ಅಚ್ಚಿನಲ್ಲಿ ಬಿರುಕು ಬಿಟ್ಟರೆ ನಾಣ್ಯದಲ್ಲಿ ಅದು ಏರುಗೆರೆಯಾಗಿ ಮೂಡುತ್ತದೆ. ದಿನ ಕಳೆದಂತೆ ಗೆರೆ ಗಲ್ಲದಿಂದ ತುಟಿಯ ಕಡೆ ಹತ್ತಿತು. ಲಾಮಿಸನಿಗೆ ಇದೊಂದು ಚಟವಾಯಿತು. ಊಟದ ಹೊತ್ತಿನಲ್ಲಿ ಹಿಡಿ ನಾಣ್ಯ ಹರಡಿಕೊಂಡು, ಗೆರೆಯ ಉದ್ದ ನೋಡಿ, ಇದು ಮೊದಲು ಇದು ಆಮೇಲೆ ಎಂದು ಸಾಲಾಗಿ ಜೋಡಿಸುತ್ತಿದ್ದ.

"ಹೆಂಡ್ತಿ ಮುಖದ ಸುಕ್ಕು ಎಣಿಸೋ ಗಂಡನ ಥರ ಕೂತಿದ್ದೀಯಲ್ಲೋ" ಎಂದು ಪಿರ್ರಿಯಸ್ ಹಂಗಿಸಿದ.

"ನಿನ್ನ ಪೆಟ್ಟಿನ ಜಾತಕ ಕಣೋ ಇದು. ನೀನು ಎಡಗೈಲಿ ಹೊಡೆಯೋದ್ರಿಂದ ದ್ರಾಕ್ಷಿ ಯಾವಾಗಲೂ ಒಂದು ಕಡೆ ಆಳ, ಇನ್ನೊಂದು ಕಡೆ ತೇಲು. ಸಾವಿರ ನಾಣ್ಯದ ರಾಶಿಗೆ ಹಾಕಿದರೂ ನಿನ್ನದನ್ನ ಹೆಕ್ಕಿ ಕೊಡ್ತೀನಿ."

ಬಿರುಕು ತುಟಿ ಮುಟ್ಟುವ ಹೊತ್ತಿಗೆ ಬೆಳ್ಳಿ ಮುಗಿಯಿತು. ಟಂಕಸಾಲೆಯ ಅಧಿಕಾರಿ ನಿಕಾರ್ಕಸ್ ಅಚ್ಚುಗಳನ್ನು ಪೆಟ್ಟಿಗೆಗೆ ಹಾಕಿಸಿ, ಹಗ್ಗ ಬಿಗಿದು, ಗಂಟಿನ ಮೇಲೆ ಜೇಡಿಮಣ್ಣು ಮೆತ್ತಿ ತನ್ನ ಉಂಗುರದ ಮುದ್ರೆ ಒತ್ತಿ, ದೇವಿಯ ಗುಡಿಯಲ್ಲಿ ಇಡಿಸಿದ. ನಿಕಾರ್ಕಸ್ ಹಳೆಯ ಮನೆತನದವನು. ಮೆಲ್ಲನೆಯ ಮಾತು, ಬಿಳಿ ಗಡ್ಡ. ಬೀದಿಯಲ್ಲಿ ಹೋದರೆ ಹಣ್ಣು ಮಾರುವವಳೂ ಎದ್ದು ನಿಲ್ಲುತ್ತಿದ್ದಳು.

ಬೇಸಗೆಯ ಕೊನೆಗೆ ದೆಮೆತೆರ್ ತಾಯಿಯ ಹಬ್ಬ ಬಂತು. ಊರೆಲ್ಲ ಗುಡ್ಡ ಹತ್ತಿತು. ಪಿರ್ರಿಯಸ್ ಹೊಟ್ಟೆನೋವೆಂದು ಮನೆಯಲ್ಲೇ ಉಳಿದ. ಮೆಲಿಟ್ಟ ಮಗುವನ್ನು ಸೊಂಟಕ್ಕೇರಿಸಿಕೊಂಡು ಲಾಮಿಸನ ಜೊತೆ ಹೋಗಿ ಬಂದಳು. ಗುಡ್ಡದ ಮೇಲೆ ತಮಟೆಯ ಸದ್ದಿಗೆ ಪಕ್ಕದವರ ಮಾತು ಕೂಡ ಕೇಳುತ್ತಿರಲಿಲ್ಲ.

ಹಬ್ಬವಾದ ಕೆಲವೇ ದಿನಕ್ಕೆ, ನಸುಕಿನಲ್ಲಿ ಕುರಿ ಹೊಡೆದುಕೊಂಡು ಹೊರಟ ಒಬ್ಬ ಕುರುಬ ಬಡಗಣ ಬಾಗಿಲಿನ ಅಗುಳಿ ತೆಗೆದಿರುವುದನ್ನು ಕಂಡು ಬೊಬ್ಬೆ ಹಾಕಿದ. ಕಾವಲಿನ ಸಿಪಾಯಿಗಳು ಓಡುವಾಗ ಒಬ್ಬ ಸಿಕ್ಕಿಬಿದ್ದ. ಅವನ ಸೊಂಟದ ಚೀಲದ ತುಂಬ ಅಕೆಸದ್ದೇ ನಾಣ್ಯ, ಹೊಚ್ಚ ಹೊಸದು. ಯಾರು ಕೊಟ್ಟರೆಂದು ಹೇಳಿಸುವ ಮೊದಲೇ ಜನ ಅವನನ್ನು ಬಡಿದು ಕೊಂದಿದ್ದರು.

ಊರ ಹಿರಿಯರ ಸಭೆ ಸೇರಿತು. ನಾಣ್ಯ ಇತ್ತೀಚಿನದೋ ಹಳೆಯದೋ ನೋಡಿ ಹೇಳಲು ಲಾಮಿಸನನ್ನು ಕರೆಸಿದರು. ಅಷ್ಟು ದೊಡ್ಡವರ ನಡುವೆ ಅವನನ್ನು ಯಾರೂ ಎಂದೂ ಕರೆದಿರಲಿಲ್ಲ. ಒಂದು ನಾಣ್ಯ ಎತ್ತಿ ಕಣ್ಣಿಗೆ ಒತ್ತಿದಂತೆ ಹಿಡಿದ. ಗೆರೆ ತುಟಿ ದಾಟಿ, ಕೆನ್ನೆ ಸೀಳಿ, ಕಣ್ಣಿನ ತನಕ ಹೋಗಿತ್ತು. ಕೊರಳ ಬಳಿ ಅಚ್ಚಿನ ಚೂರೇ ಹಾರಿ, ಅಲ್ಲೊಂದು ಬೆಳ್ಳಿಯ ಗುಳ್ಳೆ ಎದ್ದಿತ್ತು. ಇನ್ನೊಂದು ನೋಡಿದ, ಮತ್ತೊಂದು ನೋಡಿದ. ಅವನ ಮುಖ ಅರಳಿತು. ತನ್ನ ಕಸುಬಿನ ಸೂಕ್ಷ್ಮವೊಂದು ಸಿಕ್ಕಿದ ಖುಷಿಯಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ.

"ಇವು ಪೆಟ್ಟಿಗೆ ಕಟ್ಟಿದ ಮೇಲೆ ಹೊಡೆದವು ಸ್ವಾಮಿ! ಪೆಟ್ಟಿಗೆಗೆ ಹಾಕೋವಾಗ ಬಿರುಕು ಇನ್ನೂ ತುಟೀಲಿತ್ತು. ಇಲ್ಲಿ ನೋಡಿ, ಕಣ್ಣಿಗೇ ಬಂದಿದೆ. ಯಾರೋ ಅದೇ ಅಚ್ಚು ತೆಗೆದು ಮತ್ತೆ ಹೊಡೆದಿದ್ದಾರೆ."

ಸಭೆ ಗುಜುಗುಟ್ಟಿತು. ಹಿರಿಯನೊಬ್ಬ ಕೇಳಿದ: "ಯಾರ ಕೈ ಅಂತಾನೂ ಗೊತ್ತಾಗುತ್ತೇನಪ್ಪಾ?"

ಲಾಮಿಸ್ ನಾಣ್ಯವನ್ನು ಮಗುಚಿದ. ದ್ರಾಕ್ಷಿಗೊಂಚಲು ಒಂದು ಕಡೆ ಆಳ, ಇನ್ನೊಂದು ಕಡೆ ತೇಲು. ಅವನು ನಾಣ್ಯವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಉತ್ತರಿಸುವ ಅಗತ್ಯವೂ ಇರಲಿಲ್ಲ. ಊರಿಗೆ ಇದ್ದದ್ದು ಒಂದೇ ಟಂಕಸಾಲೆ, ಸುತ್ತಿಗೆಯವನು ಒಬ್ಬನೇ.

ಪಿರ್ರಿಯಸನನ್ನು ಎಳೆದು ತಂದರು. ಅವನು ಏನನ್ನೂ ಮುಚ್ಚಿಡಲಿಲ್ಲ.

"ಹೌದು, ನಾನೇ ಹೊಡೆದೆ. ಹಬ್ಬದ ದಿನ. ನಿಕಾರ್ಕಸ್ ಒಡೆಯರು ಬಂದು ಅವರ ಕೈಯಾರೆ ಪೆಟ್ಟಿಗೆ ಬಿಚ್ಚಿದ್ರು, ಬೆಳ್ಳೀನೂ ಅವರೇ ತಂದಿದ್ರು. ಕೊಟ್ಟು ಗುಡ್ಡಕ್ಕೆ ಹೋದ್ರು, ಕತ್ತಲಾದ ಮೇಲೆ ಬಂದು ಮತ್ತೆ ಮುದ್ರೆ ಒತ್ತಿದ್ರು. ಸಿಪಾಯಿಗಳಿಗೆ ಗುಟ್ಟಾಗಿ ಬಾಕಿ ಸಂಬಳ ಕೊಡ್ಬೇಕು, ಊರಿಗೆ ಗೊತ್ತಾದ್ರೆ ಗಲಾಟೆ ಆಗುತ್ತೆ ಅಂದ್ರು. ಊರ ಅಧಿಕಾರಿ ಹೊಡಿ ಅಂದ್ರೆ ಹೊಡೆಯೋನು ನಾನು. ಕೇಳಿ, ಅಲ್ಲೇ ಕೂತಿದ್ದಾರೆ."

ನಿಕಾರ್ಕಸ್ ಗಡ್ಡ ನೀವಿಕೊಳ್ಳುತ್ತ ಎದ್ದ. ಗುಡಿಯಿಂದ ಪೆಟ್ಟಿಗೆ ತರಿಸಿದ. ಗಂಟು ಬಿಗಿಯಾಗಿತ್ತು, ಮುದ್ರೆ ಹಾಗೇ ಇತ್ತು.

"ಹಬ್ಬದ ದಿನ ನಾನು ಗುಡ್ಡದ ಮೇಲೆ ಮುಂದಿನ ಸಾಲಲ್ಲಿ ಕೂತಿದ್ದನ್ನ ಊರೇ ನೋಡಿದೆ" ಎಂದ. "ಮುದ್ರೆ ಒಡೆದಿಲ್ಲ. ಹಾಗಾದ್ರೆ ನನ್ನ ಉಂಗುರದ ನಕಲು ಯಾರೋ ಮಾಡಿದ್ದಾರೆ. ಈ ಊರಲ್ಲಿ ಮುದ್ರೆ ಕೆತ್ತೋರ ಮನೆ ಒಂದೇ. ಅಣ್ಣ ತಮ್ಮ ಇಬ್ಬರೂ ಇಲ್ಲೇ ನಿಂತಿದ್ದಾರೆ. ಲಾಮಿಸ್, ನಕಲು ನೀನು ಕೆತ್ತಿದೆಯಾ?"

"ಇಲ್ಲ ಒಡೆಯಾ! ದೆಮೆತೆರ್ ತಾಯಾಣೆಗೂ ಇಲ್ಲ."

"ನಂಬ್ತೀನಿ. ಹಾಗಾದ್ರೆ ನಿನ್ನ ತಮ್ಮನಿಗೆ ಕೆತ್ತೋಕೆ ಬರುತ್ತಾ?"

ಲಾಮಿಸನಿಗೆ ಸಭೆಯ ಮುಖಗಳು ಕಾಣುತ್ತಿರಲಿಲ್ಲ. ಎಲ್ಲ ಮಸುಕು. ಪಕ್ಕದಲ್ಲಿ ತಮ್ಮನ ಉಸಿರು ಮಾತ್ರ ಕೇಳುತ್ತಿತ್ತು. ಬರುವುದಿಲ್ಲ ಎಂದರೆ ನಕಲು ಕೆತ್ತಬಲ್ಲವನೆಂದು ಉಳಿಯುವವನು ತಾನೊಬ್ಬನೇ.

"ಅಪ್ಪ ಇಬ್ಬರಿಗೂ ಕಲಿಸಿದ್ದ" ಎಂದ.

ಪಿರ್ರಿಯಸ್ ಅಣ್ಣನ ಕಡೆ ತಿರುಗಿ ನೋಡಿದ. ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಏನೋ ತಮಾಷೆ ಮಾಡುತ್ತಿದ್ದಾನೆ, ಉಳಿದದ್ದನ್ನು ಈಗ ಹೇಳುತ್ತಾನೆ ಎನ್ನುವಂತೆ ಕಾದ. ಲಾಮಿಸ್ ಉಳಿದದ್ದನ್ನು ಹೇಳಲಿಲ್ಲ.

ತೀರ್ಪು ಮರುದಿನಕ್ಕೆ ಹೋಯಿತು. ಮನೆಯ ಬಾಗಿಲಲ್ಲೇ ಮೆಲಿಟ್ಟ ಅವನನ್ನು ತಡೆದಳು. ಹೆಂಗಸರ ಮಾತಿಗೆ ಸಭೆಯಲ್ಲಿ ಜಾಗವಿರಲಿಲ್ಲ.

"ಭಾವ, ನಾಳೆ ಹೇಳ್ತೀರಲ್ವಾ? ಅವನಿಗೆ ಒಂದು ಗೆರೆ ಎಳೆಯೋಕೂ ಬರಲ್ಲ ಅಂತ, ನಿಮ್ಮಪ್ಪ ಉಳಿ ಕಿತ್ತುಕೊಂಡು ಓಡಿಸಿದ್ರು ಅಂತ. ನೀವೇ ಎಷ್ಟು ಸಲ ನನ್ನೆದುರಿಗೆ ಆಡ್ಕೊಂಡು ನಕ್ಕಿದ್ದೀರಿ. ಅದನ್ನೇ ಹೇಳಿ ಸಾಕು."

"ಹೇಳ್ತೀನಿ ಮೆಲಿಟ್ಟ."

"ನಿಮಗೆ ಕೈ ಮುಗೀತೀನಿ ಭಾವ."

"ಹೇಳ್ತೀನಿ ಅಂದ್ನಲ್ಲ."

ಆ ಸಂಜೆ ನಿಕಾರ್ಕಸನ ಆಳು ಬಂದು ಒಂದು ಬುಟ್ಟಿ ಅಂಜೂರ ಇಟ್ಟು ಹೋದ. ಯಾಕೆಂದು ಅವನೂ ಹೇಳಲಿಲ್ಲ, ಲಾಮಿಸನೂ ಕೇಳಲಿಲ್ಲ. ಮರುದಿನ ಸಭೆಯಲ್ಲಿ ಅವನನ್ನು ಯಾರೂ ಮತ್ತೆ ಪ್ರಶ್ನಿಸಲಿಲ್ಲ. ಎದ್ದು ನಿಂತು ಹೇಳಬಹುದಿತ್ತು. ಎರಡು ಸಲ ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೋಗಿ ಮತ್ತೆ ಕೂತ. ಪಿರ್ರಿಯಸನನ್ನು ಕೋಟೆಯ ಹೊರಗೆ ಒಣ ಹಳ್ಳಕ್ಕೆ ಒಯ್ದು ಊರಿನವರೇ ಕಲ್ಲು ಹೊಡೆದು ಕೊಂದರು. ಬೆಟ್ಟದ ಕರಿಗಲ್ಲಿಗೆ ಅಲ್ಲಿ ಬರವೇ ಇರಲಿಲ್ಲ. ಹಳ್ಳದ ಅಂಚಿನಲ್ಲಿ ನಿಂತ ಲಾಮಿಸನಿಗೆ ಕೆಂಪು ಕೂದಲಿನ ಒಂದು ಕಲೆ ಮಾತ್ರ ಕಂಡಿತು. ಆಮೇಲೆ ಅದೂ ಕಾಣಲಿಲ್ಲ. ತನ್ನ ಕಣ್ಣಿಗೆ ದೂರದ್ದು ಕಾಣದಿರುವುದು ಒಳ್ಳೆಯದಾಯಿತು ಎಂದು ಅವನಿಗೆ ಆ ಹೊತ್ತಿನಲ್ಲಿ ಅನ್ನಿಸಿತು.

ಮನೆಗೆ ಬಂದಾಗ ಅವನ ಹಾಸಿಗೆ, ಉಳಿಗಳ ಚೀಲ, ಅಂಜೂರದ ಬುಟ್ಟಿ ಮೂರೂ ಬೀದಿಯಲ್ಲಿ ಬಿದ್ದಿದ್ದವು.

ಚಳಿಗಾಲ ಕಳೆದು ದ್ರಾಕ್ಷಿ ಚಿಗುರುವ ಹೊತ್ತಿಗೆ ಬಡಗಣ ಬಾಗಿಲು ಮತ್ತೊಮ್ಮೆ ತೆರೆದುಕೊಂಡಿತು. ಈ ಸಲ ಕುರುಬನಿಗೂ ತಿಳಿಯಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ತೆಂಕಣದವನ ಪಡೆ ಸಂತೆಕಟ್ಟೆಯಲ್ಲಿ ನಿಂತಿತ್ತು. ಅವರ ನಾಯಕನ ಪಕ್ಕದಲ್ಲಿ ಕುದುರೆಯ ಮೇಲಿದ್ದವನು ನಿಕಾರ್ಕಸ್. ಕಲ್ಲೆತ್ತಿದ್ದ ಕೈಗಳೆಲ್ಲ ಆಗ ಹಣೆ ಚಚ್ಚಿಕೊಂಡವು.

ಕೋಟೆ ಕೆಡವಿದರು. ಮನೆಗಳನ್ನು ಸಿಪಾಯಿಗಳಿಗೆ ಹಂಚಿದರು. ಊರಿನ ಜನರನ್ನು ಕುರಿದೊಡ್ಡಿಗೆ ಕೂಡಿ ಮಾರಾಟಕ್ಕಿಟ್ಟರು, ಬೆಲೆ ಬಾರದ ಕೆಲವು ವಯಸ್ಸಾದ ಹೆಂಗಸರನ್ನಷ್ಟೇ ಬಿಟ್ಟರು. ಲಾಮಿಸನ ಸರದಿ ಬಂದಾಗ ನಿಕಾರ್ಕಸ್ ಕೈಯೆತ್ತಿ ತಡೆದ.

"ಇವನನ್ನ ಮಾರಬೇಡಿ. ಇಂಥ ಕೈ ಈ ದ್ವೀಪದಲ್ಲಿ ಇನ್ನೊಂದಿಲ್ಲ."

ಲಾಮಿಸ್ ಅವನ ಕಾಲಿಗೆ ಬಿದ್ದ. ತಮ್ಮನ ಹೆಂಡತಿಯನ್ನೂ ಮಗುವನ್ನೂ ಬಿಡಿಸಿಕೊಡಬೇಕೆಂದು ಬೇಡಿದ.

"ತಗೊಂಡು ಹೋಗು" ಎಂದ ನಿಕಾರ್ಕಸ್, ಸಂತೆಯಲ್ಲಿ ಸೊಪ್ಪಿನ ಕಟ್ಟು ಕೊಟ್ಟಂತೆ. "ಹೊಸ ಅಚ್ಚು ಬೇಗ ಬೇಕು ನನಗೆ."

ದೊಡ್ಡಿಯ ಬೇಲಿಯ ಬಳಿ ಮೆಲಿಟ್ಟ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕತ್ತಿಗೆ ಹಗ್ಗ. ಲಾಮಿಸ್ ಬಿಡುಗಡೆಯ ವಿಷಯ ಹೇಳಿದ. ಅವಳು ಮಾತಾಡಿದಾಗ 'ನೀವು' ಹೋಗಿ 'ನೀನು' ಬಂದಿತ್ತು.

"ನಿನ್ನ ಸೂರಿನ ಕೆಳಗೆ ನಾನು ಬರಲ್ಲ. ಹಡಗು ಹತ್ತಿಸಿ ಎಲ್ಲಿಗಾದ್ರೂ ಒಯ್ಯಲಿ. ಅಲ್ಲಿ ಯಾರೋ ಗುರುತಿಲ್ಲದೋನು ಹೊಡೀತಾನೆ. ಪರವಾಗಿಲ್ಲ."

"ಮೆಲಿಟ್ಟ, ಹಠ ಮಾಡಬೇಡ. ಮಗೂನ ನೋಡು."

"ಮಗೂನ ನೋಡೇ ಹೇಳ್ತಿದ್ದೀನಿ. ಅವಳನ್ನ ಕರ್ಕೊಂಡು ಹೋಗು. ಅವಳು ಬದುಕಬೇಕು. ಬುದ್ಧಿ ಬಂದ ಮೇಲೆ ಅವಳಪ್ಪ ಹೆಂಗೆ ಸತ್ತ ಅಂತ ನೀನೇ ಹೇಳ್ಬೇಕು, ನಿನ್ನ ಬಾಯಿಂದಲೇ. ಅವತ್ತು ಸಭೇಲಿ ನುಂಗಿದ್ಯಲ್ಲ, ಅದನ್ನ ಅವಳ ಮುಂದೆ ಕಕ್ಕಬೇಕು. ಹೇಳ್ತೀಯಾ?"

"ಹೇಳ್ತೀನಿ."

"ಹಿಂದೇನೂ ಹಂಗೇ ಅಂದಿದ್ದೆ" ಎಂದು ಅವಳು ಮಗುವಿನ ಬೆರಳುಗಳನ್ನು ತನ್ನ ಸೆರಗಿನಿಂದ ಒಂದೊಂದಾಗಿ ಬಿಡಿಸಿದಳು. ಮಗು ಕಿರುಚಿದ್ದಕ್ಕೆ ದೊಡ್ಡಿಯಲ್ಲಿದ್ದ ಮಕ್ಕಳೆಲ್ಲ ಕಿರುಚಿದವು. ಎರಡು ದಿನದ ಮೇಲೆ ಹಡಗು ಹೊರಟಿತು. ಆಫ್ರಿಕದ ಕಡೆಗೆ ಎಂದು ಯಾರೋ ಅಂದರು.

ಲಾಮಿಸ್ ಹೊಸ ಅಚ್ಚು ಕೆತ್ತಿದ. ಶಿರಸ್ತ್ರಾಣ ತೊಟ್ಟ ದೇವತೆಯೊಬ್ಬಳ ತಲೆ, ತೆಂಕಣದವನ ಇಷ್ಟದಂತೆ. ಕೆಲಸ ಚೆನ್ನಾಗಿಯೇ ಬಂತು. ಕೆಟ್ಟದಾಗಿ ಕೆತ್ತಲು ಅವನ ಕೈಗೆ ಬರುತ್ತಿರಲಿಲ್ಲ.

ಸುಲಿಗೆಯಲ್ಲಿ ಸಿಕ್ಕ ಅಕೆಸದ ನಾಣ್ಯ ಗೋಣಿಗೋಣಿಯಾಗಿ ಟಂಕಸಾಲೆಗೆ ಬಂತು. ಕರಗಿಸಿ ಬಿಲ್ಲೆ ಎರಕ ಹೊಯ್ಯಲು ಸೌದೆಯಿಲ್ಲ, ಸಮಯವೂ ಇಲ್ಲ. ಸಿಪಾಯಿಗಳು ಸಂಬಳಕ್ಕೆ ಬಾಗಿಲಲ್ಲೇ ಕೂತಿದ್ದರು. ಹಳೆಯ ನಾಣ್ಯವನ್ನೇ ಕಾಯಿಸಿ ಅದರ ಮೇಲೆ ಹೊಸ ಅಚ್ಚು ಹೊಡೆಯಬೇಕೆಂದು ನಿಕಾರ್ಕಸ್ ಅಪ್ಪಣೆ ಮಾಡಿದ. ಸುತ್ತಿಗೆಗೆ ತೆಂಕಣದಿಂದ ಬಂದ ಮೂಗನಂಥ ಒಬ್ಬ ಗುಲಾಮ. ಇಕ್ಕಳ ಲಾಮಿಸನ ಕೈಯಲ್ಲಿ. ದೇವಿಯ ಮುಖವನ್ನು ಒಂದೊಂದೇ ಕೆಂಡದಿಂದ ಎತ್ತಿ ಅಡಿಗಲ್ಲಿನ ಮೇಲೆ ಕವುಚಿ ಹಾಕುವುದು ಅವನ ಕೆಲಸ.

ಕಾವು ಸಾಲದಿದ್ದರೆ ಹಳೆಯದು ಪೂರ್ತಿ ಸಾಯುತ್ತಿರಲಿಲ್ಲ. ಶಿರಸ್ತ್ರಾಣದ ಅಂಚಿನಿಂದ ಮೂಗೊಂದು ಇಣುಕುತ್ತಿತ್ತು. ಹೊಸ ದೇವತೆಯ ಕೆನ್ನೆಯ ಮೇಲೆ ಹಳೆಯ ಕಣ್ಣೊಂದು ಅಡ್ಡಡ್ಡ ತೆರೆದಿರುತ್ತಿತ್ತು.

"ಹಳೇ ಮುಖ ಕಾಣಬಾರದು ಅಂತ ಎಷ್ಟು ಸಲ ಹೇಳ್ಬೇಕು?" ಎಂದು ನಿಕಾರ್ಕಸ್ ರೇಗಿದ. "ನಾಲ್ಕು ಸಿಪಾಯಿಗಳು ನಕ್ಕರು ಇವತ್ತು. 'ಇದ್ಯಾರು, ನಿಮ್ಮ ದೇವಿಗೆ ಎರಡು ಮೂಗು' ಅಂತ."

ಅಲ್ಲಿಂದ ಲಾಮಿಸ್ ನಾಣ್ಯ ತಿರುಗಿಸಿ ಇಡುವುದನ್ನು ಕಲಿತ. ಹಳೆಯ ಮೂಗು ಹೊಸ ಅಚ್ಚಿನ ಅತಿ ಆಳದ ಜಾಗಕ್ಕೆ ಬಿದ್ದರೆ ಬೆಳ್ಳಿ ಅಲ್ಲಿಗೆ ನುಗ್ಗಿ ಗುರುತೇ ಉಳಿಯುತ್ತಿರಲಿಲ್ಲ. ಹಾಗೆ ತಿರುಗಿಸಬೇಕಾದರೆ ಪ್ರತಿಯೊಂದನ್ನೂ ನೋಡಲೇಬೇಕು. ನೋಡಿದರೆ ಬಿರುಕು ಕಂಡೇ ಕಾಣುತ್ತದೆ. ಬೇಡವೆಂದರೂ ಕೈ ಅವನ್ನು ಸಾಲಾಗಿ ಜೋಡಿಸತೊಡಗಿತು. ಬಿರುಕಿಲ್ಲದವು. ಗಲ್ಲದಲ್ಲಿ ಬಿರುಕಿದ್ದವು. ತುಟಿಯಲ್ಲಿದ್ದವು. ಆಮೇಲೆ ಕಣ್ಣು ಸೀಳಿದ, ಕೊರಳಲ್ಲಿ ಗುಳ್ಳೆ ಎದ್ದ ಹಬ್ಬದ ದಿನದವು, ತಮ್ಮನ ಎಡಗೈಯವು.

ಆ ಸಾಲು ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ಒಂದು ಹಿಡಿ ಉಳಿಯಿತು. ಅವುಗಳಲ್ಲಿ ಬಿರುಕು ಕಣ್ಣು ದಾಟಿ ಹಣೆ ಸೀಳಿ ತಲೆಪಟ್ಟಿಯವರೆಗೆ ಹೋಗಿತ್ತು. ಕೊರಳಿನ ಗುಳ್ಳೆ ಮಸೂರದ ಕಾಳಿನಷ್ಟಾಗಿತ್ತು. ಅಂದರೆ ಇವೆಲ್ಲ ಹಬ್ಬದ ದಿನದ ನಂತರದವು. ಲಾಮಿಸ್ ಒಂದನ್ನು ಮಗುಚಿದ. ದ್ರಾಕ್ಷಿಗೊಂಚಲು ಎರಡೂ ಕಡೆ ಒಂದೇ ಸಮ ಕೂತಿತ್ತು. ಬಲಗೈಯವನ ಪೆಟ್ಟು. ಪಿರ್ರಿಯಸ್ ಹಳ್ಳದ ಕಲ್ಲಿನ ಕೆಳಗೆ ಸೇರಿದ ಮೇಲೂ ಪೆಟ್ಟಿಗೆ ತೆರೆದಿದೆ. ಮುದ್ರೆ ಬಿದ್ದಿದೆ, ತೆರೆದಿದೆ, ಮತ್ತೆ ಬಿದ್ದಿದೆ. ಎರಡನೆಯ ಸಲದ ಬಾಗಿಲ ಲಂಚ ಇದೇ. ನಕಲಿ ಉಂಗುರವಿರಲಿಲ್ಲ, ಇದ್ದದ್ದು ಅಸಲಿ ಉಂಗುರ ಒಂದೇ.

ಅವನು ಆ ನಾಣ್ಯಗಳನ್ನು ಎರಡೂ ಕೈಯಲ್ಲಿ ತುಂಬಿಕೊಂಡು ಎದ್ದ. ಯಾರಿಗೆ ತೋರಿಸುವುದು? ಸಭೆಯಿದ್ದ ಕಟ್ಟಡದಲ್ಲಿ ಈಗ ಕುದುರೆ ಕಟ್ಟಿದ್ದರು. ಹಿರಿಯರಲ್ಲಿ ಸತ್ತವರು ಸತ್ತಿದ್ದರು, ಉಳಿದವರು ಯಾವುದೋ ಊರಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದರು. ಮೆಲಿಟ್ಟ ಸಮುದ್ರದಾಚೆ. ತೋರಿಸಲು ಉಳಿದವನು ಒಬ್ಬನೇ. ಲಾಮಿಸ್ ಅವನ ಬಳಿಗೇ ಹೋದ.

ನಿಕಾರ್ಕಸ್ ಅಂಗಳದ ನೆರಳಿನಲ್ಲಿ ಕೂತು ಆಲಿವ್ ತಿನ್ನುತ್ತಿದ್ದ. ಲಾಮಿಸ್ ನಾಣ್ಯಗಳನ್ನು ಅವನ ಮುಂದಿನ ಮಣೆಯ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೂ ತೋರಿಸಿ ಹೇಳಿದ. ಅವನ ದನಿ ಸಭೆಯಲ್ಲಿ ಏರದಷ್ಟು ಏರಿತ್ತು. ನಿಕಾರ್ಕಸ್ ಪೂರ್ತಿ ಕೇಳಿಸಿಕೊಂಡ. ಮಧ್ಯೆ ಒಂದು ನಾಣ್ಯ ಎತ್ತಿ ಬಿಸಿಲಿಗೆ ಹಿಡಿದು, "ಹೌದಲ್ಲ, ಎಷ್ಟು ಚೆನ್ನಾಗಿ ಕಾಣುತ್ತೆ" ಎಂದೂ ಅಂದ.

"ನನ್ನ ತಮ್ಮ ನಿಜ ಹೇಳಿದ್ದ" ಎಂದ ಲಾಮಿಸ್. "ಇದೋ ಸಾಕ್ಷಿ. ನನ್ನ ತಮ್ಮ ನಿಜ ಹೇಳಿದ್ದ!"

ನಿಕಾರ್ಕಸ್ ಆಲಿವ್ ಬೀಜವನ್ನು ಉಗಿದ.

"ಅವನು ನಿಜ ಹೇಳ್ತಿದ್ದಾನೆ ಅಂತ ನಿನಗೆ ಅವತ್ತೇ ಗೊತ್ತಿರಲಿಲ್ವಾ ಲಾಮಿಸ್? ಒಂದೇ ತಟ್ಟೇಲಿ ಉಂಡು ಬೆಳೆದವನು. ಅವನಿಗೆ ಸುಳ್ಳು ಹೇಳೋಕೆ ಬರುತ್ತಾ, ಮುದ್ರೆ ಕೆತ್ತೋಕೆ ಬರುತ್ತಾ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದಕ್ಕೆ ನಾಣ್ಯ ಯಾಕೆ ಬೇಕಿತ್ತು ನಿನಗೆ?"

ಲಾಮಿಸ್ ಸಾಲು ತಪ್ಪಿದ ಒಂದು ನಾಣ್ಯವನ್ನು ಸರಿಯಾಗಿ ಇಟ್ಟ.

"ನಾನು ಮಾರಿದ್ದು ಊರನ್ನ. ಊರು ಅಂದ್ರೆ ಗೋಡೆ, ಬಾಗಿಲು. ನೀನು ಮಾರಿದ್ದು ಏನು ಅಂತ ಕೂತು ಯೋಚನೆ ಮಾಡು. ಅಂಜೂರ ತಿಂದ್ಯಾ ಇಲ್ವಾ? ನನಗೆ ಆಮೇಲೆ ಕೇಳೋಕೇ ಆಗಲಿಲ್ಲ." ಅವನು ನಾಣ್ಯಗಳನ್ನು ಗುಡಿಸಿ ಲಾಮಿಸನ ಮಡಿಲಿಗೆ ಸುರಿದ. "ಹೋಗು, ಇವನ್ನೂ ಹೊಡಿ. ನೀನೇ ನಿಂತು ಹೊಡಿಸು. ಒಂದರಲ್ಲೂ ಗೆರೆ ಕಾಣಬಾರದು."

ಲಾಮಿಸ್ ಹಿಂದಿರುಗಿ ಬಂದು ಅವನ್ನು ಕೆಂಡಕ್ಕೆ ಹಾಕಿದ. ಅವು ಚೆನ್ನಾಗಿ ಕಾಯುವವರೆಗೂ ಕಾದ. ಒಂದೊಂದಾಗಿ ಎತ್ತಿಟ್ಟ. ಗುಲಾಮ ಹೊಡೆದ. ಒಂದರಲ್ಲೂ ಗೆರೆ ಉಳಿಯಲಿಲ್ಲ.

ಮಿರ್ತೊ ಅವನ ಗುಡಿಸಲಿನಲ್ಲೇ ಬೆಳೆದಳು. ಗಟ್ಟಿಮುಟ್ಟಾದ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಜಿಪುಣಿ. ಪ್ರತಿವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಲಾಮಿಸ್ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಇನ್ನೂ ಚಿಕ್ಕವಳು ಎಂದು ಮುಂದಕ್ಕೆ ಹಾಕುತ್ತಿದ್ದ. ಹುಷಾರಿಲ್ಲ ಎಂದು, ಚಳಿ ಎಂದು, ಇವತ್ತು ಒಂದು ಸಲ ನಕ್ಕಳಲ್ಲ, ನಾಳೆ ನೋಡೋಣ ಎಂದು ಮುಂದಕ್ಕೆ ಹಾಕುತ್ತಿದ್ದ. ಹಾಗೇ ಹದಿನಾರು ತುಂಬಿ, ಪಕ್ಕದೂರಿನ ಒಬ್ಬ ಕುಂಬಾರ ಅವಳನ್ನು ಕೇಳಿಕೊಂಡು ಬಂದ. ಮದುವೆಯ ಹಿಂದಿನ ಮಧ್ಯಾಹ್ನ ಅವಳು ಬಾಗಿಲಲ್ಲಿ ಕೂತು ಮಸೂರದ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಲಾಮಿಸ್ ಎದುರಿಗೆ ಕೂತ.

"ಮಿರ್ತೊ, ನಿನಗೊಂದು ಮಾತು ಹೇಳ್ಬೇಕು. ನಿಮ್ಮಪ್ಪನ ವಿಷಯ."

"ಹೇಳು ದೊಡ್ಡಪ್ಪ."

ಅವನು ಹೇಳಿದ. ಬಿರುಕು, ಸಭೆ, ಉಂಗುರದ ಪ್ರಶ್ನೆ, ಅಪ್ಪ ಇಬ್ಬರಿಗೂ ಕಲಿಸಿದ್ದ ಎಂದದ್ದು, ಮರುದಿನ ಏಳಲು ಹೋಗಿ ಕೂತದ್ದು. ಒಂದನ್ನೂ ಬಿಡಲಿಲ್ಲ. ಅಂಜೂರ ತಿಂದದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಮಿರ್ತೊಳ ಬೆರಳು ಬೇಳೆಯಲ್ಲಿ ಓಡುತ್ತಲೇ ಇತ್ತು.

"ಗೊತ್ತಿತ್ತು" ಎಂದಳು.

"ಏನು?"

"ಇದೆಲ್ಲ. ಬಾವಿಕಟ್ಟೆ ಹತ್ರ ಮುದುಕಿಯರು ಹೇಳಿದ್ರು. ನನಗಿನ್ನೂ ಹಾಲುಹಲ್ಲು ಬೀಳ್ತಿತ್ತು ಆವಾಗ."

ಅಷ್ಟು ವರ್ಷ ಲಾಮಿಸ್ ಹಾಸಿಗೆಯಲ್ಲಿ ಹೊರಳಾಡಿದಾಗೆಲ್ಲ ಈ ಹುಡುಗಿ ಗೋಡೆಯ ಆಚೆ ಮಲಗಿ ಎಲ್ಲವನ್ನೂ ಬಲ್ಲವಳಾಗಿದ್ದಳು. ರೊಟ್ಟಿ ತಟ್ಟಿ ಕೊಟ್ಟಿದ್ದಳು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು.

"ಮತ್ತೆ... ಮತ್ತೆ ನನ್ನ ಜೊತೆ ಯಾಕಿದ್ದೆ ತಾಯಿ?"

ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. ಅವನು ಹಾಗೆ ಕೇಳಿದ್ದು ಅವಳಿಗೆ ನಿಜವಾಗಿಯೂ ಅರ್ಥವಾಗದಂತಿತ್ತು.

"ಇನ್ನೆಲ್ಲಿಗೆ ಹೋಗ್ಲಿ?"

ಮೊರದಲ್ಲಿದ್ದ ಕಲ್ಲುಗಳನ್ನು ಬೀದಿಗೆ ಚೆಲ್ಲಿ ಎದ್ದು ಒಳಗೆ ಹೋದಳು. ಮರುದಿನ ಕುಂಬಾರನ ಗಾಡಿ ಬಂತು. ಪದ್ಧತಿಯಂತೆ ದೊಡ್ಡಪ್ಪನ ಕೈ ಮುಟ್ಟಿ ಹತ್ತಿದಳು. ಆಮೇಲೆ ಅವಳು ಒಮ್ಮೆಯೂ ಬರಲಿಲ್ಲ. ಹೇಳಿ ಕಳಿಸಲೂ ಇಲ್ಲ. ಹಬ್ಬಕ್ಕೆ ಬಾ ಎಂದು ಇವನೂ ಕರೆಯಲಿಲ್ಲ, ಕರೆಯಲು ಧೈರ್ಯವಿರಲಿಲ್ಲ.

ಲಾಮಿಸನಿಗೆ ಹತ್ತಿರದ್ದೂ ಮಸುಕಾಗುತ್ತ ಬಂತು. ಒಂದು ಅಚ್ಚಿನಲ್ಲಿ ದೇವತೆಯ ಕಿವಿ ಹಾಳು ಮಾಡಿದ ಮೇಲೆ ಟಂಕಸಾಲೆಯವರು ಅವನನ್ನು ಹೊರಗೆ ಹಾಕಿದರು. ಗುಡಿಯ ಮೆಟ್ಟಿಲ ಬಳಿ ಕೂತರೆ ಬಂದವರು ಏನಾದರೂ ಕೊಡುತ್ತಿದ್ದರು. ಅವನು ಯಾರೆಂದು ಹೊಸ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವೇ ಮುದುಕಿಯರು ದಾಟಿ ಹೋಗುತ್ತಿದ್ದರು.

ನಿಕಾರ್ಕಸ್ ತೀರಿಕೊಂಡದ್ದು ತುಂಬು ವಯಸ್ಸಿನಲ್ಲಿ, ಮೆತ್ತನೆಯ ಹಾಸಿಗೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ. ಹೆಣದ ಹಿಂದೆ ಕೊಳಲು ಊದಿಸಿದರು. ಒಳ್ಳೆಯವನಾಗಿದ್ದ, ಬಡವರಿಗೆ ಇಲ್ಲವೆಂದವನಲ್ಲ ಎಂದು ಹೊಸ ಊರಿನ ಹಿರಿಯರು ಮಾತಾಡಿದರು. ಸಂಜೆಗೆ ಮನೆಯ ಮುಂದೆ ಬಂದವರಿಗೆಲ್ಲ ಊಟ ಹಾಕಿದರು. ಕುರಿಮಾಂಸದ ಸಾರು, ಬಿಳಿ ರೊಟ್ಟಿ. ಲಾಮಿಸ್ ಗೋಡೆ ಹಿಡಿದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ಕೂತ. ಎರಡು ದಿನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಬಡಿಸುತ್ತಿದ್ದ ಸೊಸೆ ಅವನ ಮುಂದೆ ನಿಂತು ಕೇಳಿದಳು: "ಅಜ್ಜ, ನಮ್ಮ ಮಾವನವರ ಪರಿಚಯ ಇತ್ತಾ ನಿಮಗೆ?"

"ಇತ್ತಮ್ಮ" ಎಂದ ಲಾಮಿಸ್, "ಅವರ ಕೈಕೆಳಗೆ ಕೆಲಸ ಮಾಡ್ತಿದ್ದೆ."

"ಇನ್ನೊಂಚೂರು ಹಾಕ್ಲಾ?"

ಅವನು ಬಟ್ಟಲು ಮುಂದಕ್ಕೆ ಚಾಚಿದ.